ಕುಂಟುವ ಕಾಲೂ ಬರಿದಾದ ಹೊಟ್ಟೆಯೂ

ಗಿನಿಹಂದಿಯೆಂಬ ಪ್ರಾಣಿಯು ಗಿನಿ ದೇಶದ್ದೂ ಅಲ್ಲ, ಹಂದಿಯ ಜಾತಿಯದೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸೀಮೆಯ ಜನರು ಸಾವಿರಾರು ವರ್ಷಗಳಿಂದ ಇದನ್ನು ಮನೆಯೊಳಗೆ ಸಾಕುತ್ತ ಬಂದಿದ್ದಾರೆ. ಅವರ ಬಾಯಲ್ಲಿ ಇದು ‘ಕುಯ್’. ಅಮರಕೋಶದಲ್ಲಿ ಇದಕ್ಕೆ ಪದವನ್ನು ಹುಡುಕಿ ಫಲವಿಲ್ಲ. ಅಮರಸಿಂಹನು ಇದನ್ನು ಕಂಡವನೇ ಅಲ್ಲ. ಈಗಲಾದರೋ ಮಕ್ಕಳ ಹಟಕ್ಕೆ ಮಣಿದು ಇದನ್ನು ತಂದು ಸಾಕುವವರು ನಮ್ಮ ಪಟ್ಟಣಗಳಲ್ಲಿಯೂ ಇದ್ದಾರೆ. ತಂದ ಮೇಲೆ ಅದರ ಸುಖದುಃಖಗಳು ಗೃಹಸ್ಥನ ಹೊಣೆಯಷ್ಟೆ.

ಓಡಾಡಿಕೊಂಡಿದ್ದ ಪ್ರಾಣಿಯು ಇದ್ದಕ್ಕಿದ್ದಂತೆ ಒಂದು ಕಾಲನ್ನು ಎತ್ತಿ ಹಿಡಿದರೆ ಮನೆಯವರ ದೃಷ್ಟಿಯೆಲ್ಲ ಆ ಕಾಲಿನ ಮೇಲೆಯೇ ನೆಡುವುದು ಸಹಜ. ಆದರೆ ಕಾಲಿನ ಪೆಟ್ಟಿಗಿಂತ ಅದರ ಹಿಂದೆ ಬರುವ ಉಪವಾಸವೇ ಈ ಪ್ರಾಣಿಯನ್ನು ಬೇಗ ಕೊಲ್ಲತಕ್ಕದ್ದು. ಹಗಲಿರುಳೂ ಹುಲ್ಲು ಮೇಯುತ್ತಿರುವುದು ಇದರ ಧರ್ಮ. ನೋವಿನಿಂದ ಮೇವು ಬಿಟ್ಟರೆ ಕರುಳಿನ ಚಲನೆ ನಿಂತು ಹೊಟ್ಟೆಯುಬ್ಬುವುದು; ಅರ್ಧ ದಿನ ಏನನ್ನೂ ಮುಟ್ಟದಿದ್ದರೆ ಅಪಾಯವೆಂದೇ ಎಣಿಸಬೇಕು. ಬೇಟೆಗೆ ಈಡಾಗುವ ಪ್ರಾಣಿಗಳೆಲ್ಲ ನೋವನ್ನು ಮುಚ್ಚಿಡುತ್ತವೆ. ಕೂಗಲಿಲ್ಲವೆಂದ ಮಾತ್ರಕ್ಕೆ ನೋವಿಲ್ಲವೆಂದು ತಿಳಿಯಕೂಡದು. ಆದುದರಿಂದ ಕಾಲನ್ನು ನೋಡುವಷ್ಟೇ ಶ್ರದ್ಧೆಯಿಂದ ಹಿಕ್ಕೆಯನ್ನೂ ನೋಡಿರಿ. ಅದು ಕಡಿಮೆಯಾದರೆ ಕರುಳು ಸೋಲುತ್ತಿದೆಯೆಂದು ಅರ್ಥ. ಅಡಿಗೆಮನೆಯ ತಕ್ಕಡಿಯಲ್ಲಿ ದಿನಕ್ಕೊಮ್ಮೆ ತೂಗಿರಿ. ಒಂದು ಕಿಲೋ ತೂಗುವ ಪ್ರಾಣಿಯಲ್ಲಿ 50 ಗ್ರಾಂ ಇಳಿದರೆ, 60 ಕಿಲೋ ತೂಗುವ ಮನುಷ್ಯನು 3 ಕಿಲೋ ಇಳಿದಂತಾಯಿತು.

ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇರಲಿ. ಬೆಳಕಿನಲ್ಲಿ ಪಾದವನ್ನು ನೋಡಿರಿ: ಉಗುರು ಕಿತ್ತಿರಬಹುದು, ಬೆರಳಿಗೆ ನೂಲು ಸುತ್ತಿರಬಹುದು, ತಂತಿಯ ನೆಲದ ಗೂಡಾದರೆ ಪಾದ ಸಿಕ್ಕಿಕೊಂಡು ಮುರಿದಿರಲೂಬಹುದು. (ತಂತಿಯ ನೆಲದ ಗೂಡುಗಳನ್ನು ಮಾರುವುದೇಕೋ ನಮಗೆ ತಿಳಿಯದು.) ಕಾಲು ವಕ್ರವಾಗಿ ಜೋತುಬಿದ್ದಿದ್ದರೆ, ಊದಿದ್ದರೆ, ಹಿಂದಿನ ಎರಡು ಕಾಲುಗಳನ್ನೂ ಎಳೆಯುತ್ತಿದ್ದರೆ, ಆ ದಿನವೇ ಪಶುವೈದ್ಯರ ಬಳಿಗೆ ಒಯ್ಯತಕ್ಕದ್ದು. ಮನೆಯಲ್ಲಿ ಕಡ್ಡಿ ಕಟ್ಟುವ ಸಾಹಸ ಬೇಡ. ಬಿಗಿ ಹೆಚ್ಚಾದರೆ ರಕ್ತ ಹರಿಯದು. ಸಣ್ಣ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ, ಹುಲ್ಲನ್ನೂ ನೀರನ್ನೂ ಬಾಯಿಗೆಟಕುವಂತೆ ಇಟ್ಟು, ಬಟ್ಟೆ ಒದ್ದೆಯಾದಾಗಲೆಲ್ಲ ಬದಲಾಯಿಸಿರಿ. ಜೊತೆಯ ಪ್ರಾಣಿಯಿದ್ದರೆ ನಡುವೆ ಜಾಲರಿಯಿಟ್ಟು ಹತ್ತಿರದಲ್ಲಿಯೇ ಬಿಡಿರಿ; ಒಂಟಿತನ ಇದಕ್ಕೆ ಸಲ್ಲದು.

ಇನ್ನು ಔಷಧದ ಮಾತು. ನಮ್ಮ ನೆರೆಮನೆಯ ಹುಡುಗಿಯ ತೋಳಿನಿಂದ ಅವಳ ಗಿನಿಹಂದಿ ಜಾರಿ ಬಿದ್ದು, ಬೆಳಗಾಗುವಷ್ಟರಲ್ಲಿ ಹಿಂಗಾಲನ್ನು ಊರದಾಯಿತು. ಅವಳ ಅಜ್ಜನು ಬೀರುವಿನಿಂದ ಒಂದು ಸೀಸೆಯನ್ನು ತೆಗೆದು, “ಮೇಷ್ಟ್ರೇ, ಮೊಮ್ಮಗನ ಕಿವಿನೋವಿಗೆ ತಂದು ಮಿಕ್ಕದ್ದು. ಎರಡು ತೊಟ್ಟು ಹಾಕಿದರೆ ಏನಾದೀತು?” ಎಂದರು. ಚೀಟಿಯನ್ನು ಓದಿದೆವು: ಅಮಾಕ್ಸಿಸಿಲಿನ್. “ರಾಯರೇ, ಮೊಮ್ಮಗನಿಗೆ ಅಮೃತವಾದದ್ದು ಇದಕ್ಕೆ ವಿಷ” ಎಂದು ಸೀಸೆಯನ್ನು ಹಿಂದಕ್ಕೆ ಕೊಟ್ಟೆವು. ಪೆನಿಸಿಲಿನ್ ವರ್ಗದ ಔಷಧಗಳನ್ನು ಬಾಯಿಂದ ಕೊಟ್ಟರೆ ಈ ಪ್ರಾಣಿಯ ಕರುಳಿನಲ್ಲಿರುವ ಹಿತವಾದ ಸೂಕ್ಷ್ಮಜೀವಿಗಳು ನಾಶವಾಗಿ, ವಿಷ ಹುಟ್ಟಿಸುವವು ಬೆಳೆದು, ಕೆಲವೇ ದಿನಗಳಲ್ಲಿ ಮರಣವಾಗುವುದುಂಟು. ಹುಡುಗಿ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತ ನಿಂತಿದ್ದಳು. ಪಶುವೈದ್ಯರು ಕ್ಷಕಿರಣದ ಚಿತ್ರ ತೆಗೆದು, ಮೂಳೆಯಲ್ಲಿ ಬಿರುಕಿದೆಯೆಂದು ಹೇಳಿ, ನೋವು ತಗ್ಗಿಸಲು ಅದರ ತೂಕಕ್ಕೆ ತಕ್ಕ ಔಷಧವನ್ನು ಕೊಟ್ಟರು. ನೋವು ತಗ್ಗಿದೊಡನೆ ಅದು ಹುಲ್ಲಿಗೆ ಬಾಯಿಟ್ಟಿತು. ಕೆಲವು ವಾರ ಪೆಟ್ಟಿಗೆಯಲ್ಲಿದ್ದು ಈಗ ಓಡಾಡುತ್ತಿದೆ, ಸ್ವಲ್ಪ ಕುಂಟುತ್ತ.

ಬೀಳದೆ, ಏಳದೆ ಕುಂಟುವುದೂ ಉಂಟು. ಹಸು, ನಾಯಿ, ಬೆಕ್ಕುಗಳು ಜೀವಸತ್ವ ‘ಸಿ’ಯನ್ನು ತಮ್ಮ ದೇಹದಲ್ಲಿಯೇ ಮಾಡಿಕೊಳ್ಳುತ್ತವೆ, ಗಿನಿಹಂದಿಗೂ ಮನುಷ್ಯನಿಗೂ ಆ ಶಕ್ತಿಯಿಲ್ಲ. ನಾರ್ವೆ ದೇಶದ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿದ್ವಾಂಸರು ಹಡಗಿನವರ ಬೆರಿಬೆರಿ ರೋಗದ ಮೂಲವನ್ನು ಅರಸುತ್ತ ಗಿನಿಹಂದಿಗಳಿಗೆ ಬರಿಯ ಧಾನ್ಯವನ್ನೇ ತಿನ್ನಿಸಿದರು. ಅವಕ್ಕೆ ಬಂದದ್ದು ಬೆರಿಬೆರಿಯಲ್ಲ, ನಾವಿಕರ ಇನ್ನೊಂದು ಶತ್ರುವಾದ ಸ್ಕರ್ವಿ. 1907ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ರೋಗದಲ್ಲಿ ಕೀಲುಗಳು ಊದಿ ಒಳಗೆ ರಕ್ತ ಜಿನುಗುವುದು. ಪ್ರಾಣಿಯು ನಡೆಯಲೊಲ್ಲದು, ಮುಟ್ಟಿದರೆ ಚೀರುವುದು. ನೋಡುವವರಿಗೆ ಕಾಲು ಉಳುಕಿದಂತೆಯೇ ಕಾಣುವುದು.

ಆರೋಗ್ಯದಲ್ಲಿರುವಾಗ ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ ‘ಸಿ’ ಬೇಕು. ಕಾಯಿಲೆಯಲ್ಲಿ ಇನ್ನೂ ಹೆಚ್ಚು, ಅದನ್ನು ವೈದ್ಯರು ಹೇಳುವರು. ದೊಣ್ಣೆಮೆಣಸಿನಕಾಯಿಯ ಒಂದು ಹೋಳು, ಆಗೊಮ್ಮೆ ಸೀಬೆಹಣ್ಣಿನ ಸಣ್ಣ ತುಂಡು ದುಬಾರಿಯ ಪದಾರ್ಥಗಳೇನೂ ಅಲ್ಲ. ಕುಡಿಯುವ ನೀರಿನಲ್ಲಿ ಮಾತ್ರೆ ಕರಗಿಸಿಟ್ಟರೆ ಅದರ ಸತ್ವ ಬೇಗ ಕಳೆಯುವುದು. ಅಂಗಡಿಯ ಗುಳಿಗೆಯ ಮೇವನ್ನು ಕೊಳ್ಳುವಾಗ ಚೀಲದ ಮೇಲಿನ ತಾರೀಖನ್ನು ಓದಿರಿ. ತಯಾರಾಗಿ ಕೆಲವು ತಿಂಗಳು ಕಳೆದಿದ್ದರೆ ಅದರಲ್ಲಿ ಈ ಸತ್ವವನ್ನು ನಂಬುವಂತಿಲ್ಲ.