ಲಾರಿಯನ್ನು ಹಿಂದೆ ಕಳಿಸುವ ವಿದ್ಯೆ



ಕಳೆದ ಚಳಿಗಾಲದಲ್ಲಿ ಮುಷ್ರಿಫ್ ಪಾರ್ಕಿನಲ್ಲಿ ನಡೆದ ನಮ್ಮ ವನಭೋಜನದ ದಿನ, ಬಿಸಿಬೇಳೆ ಭಾತಿಗೆ ಸಾಲಿನಲ್ಲಿ ನಿಂತಿದ್ದಾಗ ಸಂಘದ ಹಿರಿಯರೊಬ್ಬರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. ಅವರ ಮಗಳು ಹನ್ನೆರಡನೆಯ ತರಗತಿಯಲ್ಲಿದ್ದಾಳೆ. ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಓದುತ್ತೇನೆಂದು ಮೂರು ತಿಂಗಳಿಂದ ಹಟ ಹಿಡಿದಿದ್ದಾಳಂತೆ. “ಡಾಕ್ಟ್ರೇ, ಬಿಸಿಲಲ್ಲಿ ಹೆಲ್ಮೆಟ್ ಹಾಕಿಕೊಂಡು ಮೇಸ್ತ್ರಿಗಳ ಹಿಂದೆ ಓಡಾಡುವುದು ಹೆಣ್ಣುಮಗಳಿಗೆ ಆಗುವ ಕೆಲಸವಾ ಮಾರಾಯ್ರೆ? ನೀವಾದರೂ ಕಂಪ್ಯೂಟರ್ ತಗೊಳ್ಳಲಿಕ್ಕೆ ಹೇಳಿ” ಎಂದರು. ಹುಡುಗಿ ಎರಡು ಹೆಜ್ಜೆ ಹಿಂದೆ ತಟ್ಟೆ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು “ಎಲ್ಲ ಓದೂ ಒಳ್ಳೆಯದೇ” ಎಂದು ಜಾರಿಕೊಂಡೆ. ಅವಳ ಮುಖ ಬಾಡಿದ್ದು ಕಂಡಿತು. ಅಂದು ಹೇಳಬೇಕಾಗಿದ್ದುದನ್ನು ಸಂಪಾದಕರು ಕೊಟ್ಟಿರುವ ಎರಡು ಪುಟಗಳಲ್ಲಿ ಬರೆಯುತ್ತಿದ್ದೇನೆ.

ನಾನು ಇಂಜಿನಿಯರನಲ್ಲ, ರಸಾಯನಶಾಸ್ತ್ರದವನು. ಮಂಗಳಗಂಗೋತ್ರಿಯಲ್ಲಿ ಡಾಕ್ಟರೇಟ್ ಮುಗಿಸಿ ಈಗ ಇಲ್ಲಿ ಕಾಂಕ್ರೀಟಿಗೆ ಬೆರೆಸುವ ರಾಸಾಯನಿಕಗಳ ಸಂಶೋಧನೆಯಲ್ಲಿದ್ದೇನೆ. ಹಾಗಾಗಿ ಸೈಟಿನಲ್ಲಿ ಆದ ತಪ್ಪುಗಳು ಕೊನೆಗೆ ಪ್ಲಾಸ್ಟಿಕ್ ಚೀಲದಲ್ಲಿ ಪುಡಿಯಾಗಿ ನನ್ನ ಮೇಜಿಗೇ ಬರುತ್ತವೆ.

ಒಂದು ಪ್ರಸಂಗ ಹೇಳುತ್ತೇನೆ. ಆಗಸ್ಟ್ ತಿಂಗಳ ಒಂದು ಸಂಜೆ, ಒಂದು ಕಟ್ಟಡದ ಕಂಬಗಳಿಗೆ ಕಾಂಕ್ರೀಟು ತುಂಬುವ ಕೆಲಸ. ಲಾರಿಗಳು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ತಡವಾದವು. ಸಿಮೆಂಟಿಗೆ ನೀರು ಸೋಕಿದ ಮೇಲೆ ಗಡಿಯಾರ ಓಡುತ್ತಲೇ ಇರುತ್ತದೆ. ಒಳಗಿನ ಕ್ರಿಯೆಯಲ್ಲೇ ಶಾಖ ಹುಟ್ಟುತ್ತದೆ, ಹೊರಗಿನ ಬಿಸಿ ಅದನ್ನು ಇನ್ನಷ್ಟು ಬೇಗ ಗಟ್ಟಿಮಾಡುತ್ತದೆ. ಲಾರಿ ಸೈಟಿಗೆ ಬಂದಾಗ ಕಾಂಕ್ರೀಟು ಹರಿಯುವ ಸ್ಥಿತಿಯಲ್ಲಿರಲಿಲ್ಲ. ಡ್ರೈವರ್ ಪೈಪು ಹಿಡಿದು ಒಂದಷ್ಟು ನೀರು ಬಿಟ್ಟ. ಕಾಂಕ್ರೀಟು ಚೆನ್ನಾಗಿಯೇ ಹರಿಯಿತು! ಎಳೆಯ ಇಂಜಿನಿಯರ್ ಅದನ್ನು ಕಣ್ಣಾರೆ ನೋಡಿಯೂ ಚೀಟಿಗೆ ಸಹಿ ಹಾಕಿದ. ಇಪ್ಪತ್ತೆಂಟನೆಯ ದಿನ ಕ್ಯೂಬುಗಳನ್ನು ಒಡೆದಾಗ ಬಲ ಸಾಲಲಿಲ್ಲ. ಕಂಬಗಳನ್ನು ಕೊರೆದು ನೋಡಿದರು, ಆಮೇಲೆ ಒಡೆದೇ ಹಾಕಿದರು. ಅದಕ್ಕೂ ಮೊದಲು ಆ ಹುಡುಗ ನನ್ನ ಬಳಿ ಬಂದು “ಸಾರ್, ಏನಾದರೂ ಕೆಮಿಕಲ್ ಹಾಕಿ ಉಳಿಸಬಹುದಾ?” ಎಂದು ಕೇಳಿದ್ದ. ಅಂಥ ಕೆಮಿಕಲ್ ನಮ್ಮಲ್ಲಿಲ್ಲ. ಹೆಚ್ಚಿನ ನೀರು ಒಣಗಿದ ಕಡೆ ಸಣ್ಣ ರಂಧ್ರಗಳು ಉಳಿಯುತ್ತವೆ. ಈ ಕರಾವಳಿಯ ಸಬ್ಖಾ ಮಣ್ಣಿನ ಉಪ್ಪು ಆ ರಂಧ್ರಗಳಲ್ಲಿ ನುಸುಳಿ ಕಬ್ಬಿಣದ ಸರಳನ್ನು ತಿನ್ನುತ್ತದೆ. ತುಕ್ಕು ಹಿಗ್ಗಿ ಕಾಂಕ್ರೀಟು ಸೀಳುತ್ತದೆ.

ಆ ಹುಡುಗನಿಗೆ ಎರಡು ಡಿಗ್ರಿಗಳಿದ್ದವು. ನೀರು ಹಾಕಬಾರದೆಂದು ಪುಸ್ತಕದಲ್ಲಿ ಓದಿದ್ದ. ಆದರೆ ಹಿಂದೆ ಮೂರು ಲಾರಿ ಕಾಯುತ್ತಿದ್ದವು, ಫೋರ್‌ಮನ್ ಕೂಗಾಡುತ್ತಿದ್ದ. “ಈ ಲಾರಿ ವಾಪಸ್ ಹೋಗಲಿ” ಎನ್ನಲು ಅವನಿಗೆ ಬಾಯಿ ಬರಲಿಲ್ಲ. ನನ್ನ ಮಟ್ಟಿಗೆ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಎಂಬ ವಿದ್ಯೆಯ ತಿರುಳು ಆ ಒಂದು ಮಾತಿನಲ್ಲಿದೆ. ಪ್ರೈಮವೆರಾದಲ್ಲಿ ವೇಳಾಪಟ್ಟಿ ಹಾಕುವುದು, ಫಿಡಿಕ್ ಕಂಟ್ರಾಕ್ಟಿನ ಕಲಮುಗಳು, ಬಿಲ್ಲು, ಅಳತೆ, ಇವೆಲ್ಲ ಬೇಕು. ಕಲಿತರೆ ಬರುತ್ತವೆ.

ದೊಡ್ಡ ಕೆಲಸಗಳನ್ನು ನೋಡಿ. 2010ರ ಜನವರಿಯಲ್ಲಿ ಉದ್ಘಾಟನೆಯಾದ ಬುರ್ಜ್ ಖಲೀಫಾದ ಎತ್ತರ 828 ಮೀಟರ್ ಎಂದು ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಬೇಸಿಗೆಯಲ್ಲಿ ಅದರ ಕಾಂಕ್ರೀಟಿಗೆ ಮಂಜುಗಡ್ಡೆ ಬೆರೆಸಿ ರಾತ್ರಿ ಹೊತ್ತು ತುಂಬಿದರು, 600 ಮೀಟರಿಗೂ ಮೇಲೆ ಪಂಪಿನಲ್ಲಿ ಏರಿಸಿದರು ಎಂಬುದು ಎಷ್ಟು ಮಕ್ಕಳಿಗೆ ಗೊತ್ತು? ಮಂಜುಗಡ್ಡೆ, ಲಾರಿ, ಪಂಪು, ಜನ, ಎಲ್ಲ ಒಂದೇ ರಾತ್ರಿ ಒಂದೇ ಕಡೆ ಕೂಡಬೇಕು. ನಮ್ಮ ಕನ್ನಂಬಾಡಿ ಕಟ್ಟೆಯದೂ ಇದೇ ಬಗೆಯ ಕಥೆ. 1911ರಲ್ಲಿ ಆರಂಭವಾದ ಆ ಕೆಲಸಕ್ಕೆ ಸಿಮೆಂಟಿನ ಬದಲು ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಸೇರಿಸಿದ ಸುರ್ಕಿ ಗಾರೆ ಬಳಸಿದರು. (ಬುರ್ಜ್ ಖಲೀಫಾದ ಕಾಂಕ್ರೀಟಿಗೆ ಸೇರಿಸಿದ ಹಾರುಬೂದಿಯ ಕೆಲಸವೂ ರಸಾಯನದ ದೃಷ್ಟಿಯಿಂದ ಸುರ್ಕಿಯ ಜಾತಿಯದೇ. ಇದನ್ನು ಹೇಳಿದಾಗಲೆಲ್ಲ ನನ್ನ ಹೆಂಡತಿ ಎದ್ದು ಅಡಿಗೆಮನೆಗೆ ಹೋಗುತ್ತಾಳೆ.)

ಎಲ್ಲಿ ಓದಬೇಕು? ಎಡಿನ್‌ಬರೋದ ಹೆರಿಯಟ್-ವಾಟ್ ವಿಶ್ವವಿದ್ಯಾಲಯ 2005ರಿಂದ ದುಬೈಯಲ್ಲೇ ಇದೆ. ನಿರ್ಮಾಣ ನಿರ್ವಹಣೆ, ಕ್ವಾಂಟಿಟಿ ಸರ್ವೇಯಿಂಗ್ ಎರಡನ್ನೂ ಕಲಿಸುತ್ತಾರೆ, ಖರ್ಚು ಮಾತ್ರ ದಿರ್ಹಮ್ ಲೆಕ್ಕದಲ್ಲಿ. ಊರಿನಲ್ಲಾದರೆ ಮೊದಲು ಸಿವಿಲ್ ಬಿ.ಇ. ಮಾಡಿ, ಆಮೇಲೆ ಸುರತ್ಕಲ್ಲಿನ ಎನ್.ಐ.ಟಿ.ಕೆ.ಯಲ್ಲಿ (ಹಿರಿಯರು ಇನ್ನೂ ಕೆ.ಆರ್.ಇ.ಸಿ. ಎಂದೇ ಕರೆಯುತ್ತಾರೆ) ಇದೇ ವಿಷಯದ ಎಂ.ಟೆಕ್. ಮಾಡಬಹುದು. ನನ್ನನ್ನು ಕೇಳಿದರೆ ಎರಡನೆಯ ದಾರಿ ಮೇಲು, ಆದರೆ ನಡುವೆ ಎರಡು ವರ್ಷ ಸೈಟಿನಲ್ಲಿ ದುಡಿದಿರಬೇಕು. ನನ್ನ ಭಾವಮೈದುನ ಹಾಗೆ ಮಾಡಲಿಲ್ಲ. ಬಿ.ಇ. ಆದ ಕೂಡಲೆ ಮ್ಯಾನೇಜ್‌ಮೆಂಟ್ ಓದಿ ಇಲ್ಲಿಗೆ ಬಂದ. ಎರಡು ವರ್ಷ ಕಡತಗಳಿಗೆ ನಂಬರು ಹಾಕುತ್ತ ಕೂತ. ಈಗ ಮಂಗಳೂರಿಗೆ ಮರಳಿ ಚಿಕ್ಕ ಸಂಬಳಕ್ಕೆ ಸೆಂಟ್ರಿಂಗ್ ಹಲಗೆಯ ಮೇಲೆ ನಡೆಯುತ್ತ ಕಲಿಯುತ್ತಿದ್ದಾನೆ, ಹಿಂದಿಗಿಂತ ಖುಷಿಯಾಗಿದ್ದಾನೆ.

ತಂದೆಯವರ ಆತಂಕವನ್ನು ನಾನು ಹಗುರಮಾಡುವುದಿಲ್ಲ. ಈ ಉದ್ಯೋಗಕ್ಕೆ ಏರಿಳಿತ ಬಹಳ. 2008ರ ಕೊನೆಯಲ್ಲಿ ದುಬೈಯ ಜಾಗದ ಬೆಲೆ ಕುಸಿದು ಎಷ್ಟೋ ಕಟ್ಟಡಗಳು ಅರ್ಧಕ್ಕೇ ನಿಂತದ್ದು ಹಳೆಯ ಸದಸ್ಯರಿಗೆ ನೆನಪಿದೆ. ಬಿಸಿಲೂ ನಿಜ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಸರ್ಕಾರದ ನಿಯಮವೇ ಇದೆ. ಆ ಎರಡೂವರೆ ಗಂಟೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಕಾರ್ಯಕ್ರಮ ಹಾಕುವವರು ಬೇಕು. ಹಿಡಿಯದಿದ್ದರೆ ಆ ನಷ್ಟ ತುಂಬುವುದು ಕೂಲಿಯವನ ಬೆನ್ನಿನಿಂದ. ಅವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದಾರೆ. ತಲೆ ಸುತ್ತುತ್ತಿದೆ ಎಂದು ಒಬ್ಬಾತ ಕನ್ನಡದಲ್ಲಿ ಹೇಳಿದರೆ ಅರ್ಥವಾಗುವ ಇಂಜಿನಿಯರ್ ಅಲ್ಲಿರುವುದು ಸಣ್ಣ ಮಾತಲ್ಲ.

ಇನ್ನು ಹೆಣ್ಣುಮಗಳ ಪ್ರಶ್ನೆ. ಇಂಥ ತಂದೆಯ ಎದುರು ಮೂರು ತಿಂಗಳು ತನ್ನ ಮಾತು ಬಿಡದೆ ನಿಂತ ಹುಡುಗಿ ಲಾರಿಯೊಂದನ್ನು ಹಿಂದೆ ಕಳಿಸಲಾರಳೇ? ಹಿರಿಯರು ಕ್ಷಮಿಸಬೇಕು.

ಮುಂದಿನ ತಿಂಗಳ ಎರಡನೆಯ ಶನಿವಾರ ನಮ್ಮ ಪ್ರಯೋಗಶಾಲೆಯಲ್ಲಿ ಒಂದು ಕಂತು ಕ್ಯೂಬುಗಳಿಗೆ ಇಪ್ಪತ್ತೆಂಟು ದಿನ ತುಂಬುತ್ತದೆ. ಒಡೆಯುವುದನ್ನು ನೋಡಲು ಮಗಳನ್ನು ಕರೆತನ್ನಿ, ನೀವೂ ಬನ್ನಿ. ಚಪ್ಪಲಿಯಲ್ಲಿ ಬಂದರೆ ಒಳಗೆ ಬಿಡುವುದಿಲ್ಲ, ಇಬ್ಬರೂ ಬೂಟು ಹಾಕಿಕೊಂಡು ಬರಬೇಕು.