ದೋಷಕ್ಕೆ ಕೂಲಿ

ಪುನರ್ವಸು ಮಳೆ ಹಿಡಿದರೆ ಕೊಟ್ಟಿಗೆಹಾರದಲ್ಲಿ ಹೊರಗಿನ ಕೆಲಸ ನಿಂತಂತೆಯೇ. ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಚಾರ್ಮಾಡಿ ಘಾಟಿಯ ಮಂಜು ರಸ್ತೆಗೇ ಬಂದು ಕೂತಿರುತ್ತದೆ. ಆ ಘಾಟಿ ಇಳಿದರೆ ಉಜಿರೆ, ಧರ್ಮಸ್ಥಳ. ಅದು ಯಕ್ಷಗಾನದ ಸೀಮೆ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯಂದು ಅಲ್ಲಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕುಣಿತ ನಿಂತರೂ ಮಾತು ನಿಲ್ಲುವುದಿಲ್ಲ. ಘಟ್ಟದ ಕೆಳಗೂ ಮೇಲೂ ಮಳೆಗಾಲವೆಂದರೆ ತಾಳಮದ್ದಲೆಯ ಕಾಲ.

ತಾಳಮದ್ದಲೆಗೆ ವೇಷ ಬೇಡ, ರಂಗಸ್ಥಳ ಬೇಡ. ಭಾಗವತರು ಪದ್ಯ ಹೇಳುತ್ತಾರೆ, ಚೆಂಡೆ ಮದ್ದಲೆ ನುಡಿಯುತ್ತವೆ. ಎದುರುಬದುರು ಕುಳಿತ ಅರ್ಥಧಾರಿಗಳು ಪಂಚೆ ಶಾಲಿನಲ್ಲೇ ಒಬ್ಬರು ರಾಮ, ಒಬ್ಬರು ವಾಲಿಯಾಗಿ ವಾದಕ್ಕಿಳಿಯುತ್ತಾರೆ. ಪದ್ಯ ಬರೆದಿಟ್ಟದ್ದು, ಮಾತು ಆ ಹೊತ್ತಿಗೆ ಹುಟ್ಟಿದ್ದು. ಕಥೆಯ ಕೊನೆ ಮಾತ್ರ ಮೊದಲೇ ನಿಶ್ಚಯವಾಗಿರುತ್ತದೆ. ವಾಲಿ ಎಷ್ಟು ಚೆನ್ನಾಗಿ ವಾದಿಸಿದರೂ ಸಾಯಲೇಬೇಕು.

ಹಾಗಿದ್ದೂ ವಾಲಿಯ ಅರ್ಥ ಹೇಳಲು ದೊಡ್ಡ ಕಲಾವಿದರೇ ಬೇಕು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹೆಸರಾದದ್ದು ವಾಲಿ, ರಾವಣ, ಕೌರವರಂಥ ಪಾತ್ರಗಳಿಂದ. ತಮ್ಮನನ್ನು ಓಡಿಸಿ, ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡವನು ವಾಲಿ. ಆ ತಪ್ಪನ್ನು ಹೊತ್ತುಕೊಂಡೇ, ಎದೆಗೆ ನಾಟಿದ ಬಾಣದೊಡನೆ, ಮರೆಯಲ್ಲಿ ನಿಂತು ಹೊಡೆದವನನ್ನು ಅವನು ಪ್ರಶ್ನಿಸುತ್ತಾನೆ. ಸಭೆ ಮೆಚ್ಚುವುದು ಅದನ್ನು.

ಪಾತ್ರದ ದೋಷವನ್ನು ಚೆನ್ನಾಗಿ ಆಡಿದವನಿಗೆ ಏನು ಕೊಡಬೇಕು? ತಾಳಮದ್ದಲೆಯಲ್ಲಿ ಇದು ಸಭೆಯ ತಲೆದೂಗುವಿಕೆಗೆ ಬಿಟ್ಟ ವಿಷಯ. ಇದನ್ನೇ ಅಂಕಿಯ ಲೆಕ್ಕಕ್ಕೆ ಇಳಿಸಿದ ಬೇರೊಂದು ಆಟ ಅಮೆರಿಕದಲ್ಲಿ ಬೆಳೆಯಿತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಇದರ ಮೂಲ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಸೂತ್ರಧಾರ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಸಂದಿಗ್ಧ ಬಂದಾಗ ದಾಳ ಉರುಳಿಸುತ್ತಾರೆ. ವೇಷ ಇಲ್ಲಿಯೂ ಇಲ್ಲ. ಕೊನೆ ಮಾತ್ರ ಯಾರಿಗೂ ಗೊತ್ತಿಲ್ಲ.

ಮೊದಮೊದಲು ಇಲ್ಲಿ ಎಲ್ಲರಿಗೂ ಶೂರರಾಗುವುದೇ ಬೇಕಿತ್ತು. ತಪ್ಪು ಮಾಡಿದರೆ ಪಾತ್ರ ಸಾಯುತ್ತದೆ. ತಿಳಿದೂ ತಿಳಿದೂ ತಪ್ಪು ಮಾಡುವವರು ಯಾರು? ಆಟ ಕಟ್ಟುವವರು ಇದಕ್ಕೊಂದು ಉಪಾಯ ಹೂಡಿದರು. 1981ರ 'ಚಾಂಪಿಯನ್ಸ್', 1986ರ 'ಗರ್ಪ್ಸ್' ಆಟಗಳಲ್ಲಿ ಪಾತ್ರ ಕಟ್ಟುವಾಗಲೇ ಮುಂಗೋಪ, ಜಿಪುಣತನ, ನೀರಿನ ಭಯ ಎಂದು ದೋಷ ಬರೆದುಕೊಂಡರೆ ಅಷ್ಟಕ್ಕೆ ಅಂಕ ಸಿಗುತ್ತದೆ. ಆ ಅಂಕದಿಂದ ಬಲವನ್ನೋ ವಿದ್ಯೆಯನ್ನೋ ಕೊಳ್ಳಬಹುದು. ಆದರೆ ನೀರಿನ ಭಯ ಎಂದು ಬರೆದವನು ಅಂಕ ಪಡೆದ ಮೇಲೆ ಹೊಳೆಯ ಕಡೆ ತಲೆ ಹಾಕದೆಯೇ ಆಟ ಮುಗಿಸಬಹುದು. ದೋಷ ಕಾಗದದಲ್ಲೇ ಉಳಿಯುತ್ತದೆ. ಮುಂಗಡ ಈಸಿಕೊಂಡವರು ಕೆಲಸಕ್ಕೆ ಬರಲಿಲ್ಲ ಎಂಬ ತೋಟದವರ ಹಳೆಯ ದೂರಿನ ಹಾಗೆ.

ಕಾಫಿ ಕೊಯ್ಲಿನಲ್ಲಿ ಇನ್ನೊಂದು ಪದ್ಧತಿಯಿದೆ. ಸಂಜೆ ಹಣ್ಣನ್ನು ತೂಗಿ, ಕೊಯ್ದ ಕಿಲೋಗೆ ಇಷ್ಟು ಎಂದು ಕೂಲಿ ಕೊಡುವುದು. ಮುಂದೆ ಬಂದ ಆಟಗಳು ಹಿಡಿದದ್ದು ಈ ದಾರಿ. 2013ರ 'ಫೇಟ್ ಕೋರ್' ಆಟದಲ್ಲಿ ಪಾತ್ರಕ್ಕೆ ಒಂದು ತೊಡಕನ್ನು ಬರೆಯಲೇಬೇಕು. 'ಪಂದ್ಯಕ್ಕೆ ಕರೆದರೆ ಇಲ್ಲವೆನ್ನಲಾರ' ಎಂದು ಒಬ್ಬನು ಬರೆದ ಎನ್ನೋಣ. ಸಮಯ ನೋಡಿ ಸೂತ್ರಧಾರ ಒಂದು ಬಿಲ್ಲೆ ಮುಂದೆ ತಳ್ಳುತ್ತಾನೆ: 'ಕರೆ ಬಂದಿದೆ, ಹೋಗುತ್ತೀಯಾ?' ಹೋದರೆ ಬಿಲ್ಲೆ ಅವನದು, ಜೊತೆಗೆ ಕಷ್ಟವೂ ಅವನದು. ಒಲ್ಲೆನೆಂದರೆ ತನ್ನ ಕೈಯಿಂದಲೇ ಒಂದು ಬಿಲ್ಲೆ ಕೊಡಬೇಕು. ಗೆದ್ದ ಬಿಲ್ಲೆ ಮುಂದೆ ದಾಳ ಕೈಕೊಟ್ಟಾಗ ಒದಗುತ್ತದೆ. 'ಡಂಜನ್ಸ್ ಅಂಡ್ ಡ್ರಾಗನ್ಸ್' ಕೂಡ 2014ರ ಆವೃತ್ತಿಯಲ್ಲಿ ಪಾತ್ರದ ದೋಷಕ್ಕೆ ತಕ್ಕಂತೆ ಆಡಿದವರಿಗೆ ಒಮ್ಮೆ ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳುವ ಅವಕಾಶ ತಂದಿತು. ದೋಷ ಕಾಟ ಕೊಟ್ಟಾಗಲೇ ಕೂಲಿ, ಮೊದಲೇ ಅಲ್ಲ.

ಗ್ರೆಗ್ ಸ್ಟಾಫರ್ಡ್ 1985ರಲ್ಲಿ ಹೊರತಂದ 'ಪೆನ್‌ಡ್ರಾಗನ್' ಇನ್ನೂ ನಿಷ್ಠುರ. ಅದರಲ್ಲಿ ಗುಣಗಳು 13 ಜೋಡಿ: ಕರುಣೆ–ಕ್ರೌರ್ಯ, ವಿನಯ–ಗರ್ವ, ಹೀಗೆ. ಒಂದೊಂದು ಜೋಡಿಯ ಮೊತ್ತ 20; ಒಂದು ಏರಿದರೆ ಇನ್ನೊಂದು ಇಳಿಯಬೇಕು. ಯಾವುದೇ ಗುಣ 16 ಮುಟ್ಟಿದರೆ ಕೀರ್ತಿ ಸಿಗುತ್ತದೆ, ಅದು ಗರ್ವವೇ ಆದರೂ. ಆದರೆ ಅಲ್ಲಿಂದ ಮುಂದೆ ಆ ಗುಣವೇ ಯಜಮಾನ. ಬೇಕಾದ ಹಾಗೆ ನಡೆಯುತ್ತೇನೆಂದರೆ ಆಗದು. ದಾಳ ಹೇಳಿದ ಹಾಗೆ ನಡೆಯಬೇಕು.

ಇಷ್ಟೆಲ್ಲ ಲೆಕ್ಕವಿದ್ದರೂ ಆಟ ಕೆಡುವ ದಾರಿ ಎರಡಿವೆ. ಎರಡೂ ತಾಳಮದ್ದಲೆಯ ಶ್ರೋತೃಗಳಿಗೆ ಗೊತ್ತಿರುವಂಥವೇ. ಒಂದು, ದೋಷವನ್ನು ತೊಳೆದುಬಿಡುವುದು. ರುಮೆಯ ಪಾಡನ್ನು ಮರೆಸಿ ವಾಲಿಯನ್ನು ಬರೀ ಒಳ್ಳೆಯವನನ್ನಾಗಿ ಮಾಡಿದರೆ ರಾಮನನ್ನು ಕೇಳುವ ಪ್ರಶ್ನೆಗೆ ತೂಕವಿರುವುದಿಲ್ಲ. ಇನ್ನೊಂದು, ದೋಷವನ್ನೇ ರಹದಾರಿ ಮಾಡಿಕೊಳ್ಳುವುದು. ಮೇಜಿನ ಆಟದಲ್ಲಿ ಗೆಳೆಯರ ಚೀಲ ಕದ್ದು, ಎಲ್ಲರ ಸಂಜೆ ಹಾಳು ಮಾಡಿ, 'ನಾನೇನು ಮಾಡಲಿ, ನನ್ನ ಪಾತ್ರವೇ ಕಳ್ಳ' ಎನ್ನುವವರಿದ್ದಾರೆ. ಅರ್ಥಧಾರಿಯ ಸ್ವಂತ ಜಿದ್ದು ಕೌರವನ ಬಾಯಲ್ಲಿ ಬಂದರೂ ಇದೇ ಕಥೆ. ಅಂಥ ಹೊತ್ತಿನಲ್ಲಿ ಭಾಗವತರು ಮುಂದಿನ ಪದ್ಯ ಎತ್ತಿ ಮಾತಿಗೆ ಕಡಿವಾಣ ಹಾಕುತ್ತಾರೆ. ಮೇಜಿನ ಆಟದಲ್ಲಿ ಆ ಹೊಣೆ ಸೂತ್ರಧಾರನದು.

ಹಾಗಾದರೆ ಯಾವ ದೋಷ ಕೂಲಿಗೆ ಅರ್ಹ? ಉತ್ತರ ಮಹಾಭಾರತದ ಜೂಜಿನಲ್ಲಿದೆ. ಕರೆದರೆ ಇಲ್ಲವೆನ್ನಲಾರದ ದೋಷ ಧರ್ಮರಾಯನದು. ವಿದುರ ಬೇಡವೆಂದ, ಕೇಳುವವರಿರಲಿಲ್ಲ. ಧರ್ಮರಾಯ ರಾಜ್ಯವನ್ನಷ್ಟೇ ಸೋತಿದ್ದರೆ ಅದು ಒಬ್ಬ ಅರಸನ ವ್ಯಸನದ ಕಥೆಯಾಗಿ ಮುಗಿಯುತ್ತಿತ್ತು. ಅವನು ದ್ರೌಪದಿಯನ್ನೂ ಪಣಕ್ಕಿಟ್ಟ. ದಾಳ ಹಿಡಿದವನು ಒಬ್ಬ, ಸಭೆಗೆ ಎಳೆಸಿಕೊಂಡು ಬಂದವಳು ಇನ್ನೊಬ್ಬಳು. ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ಸಭೆಗೆ ಹಾಕಿದ ಪ್ರಶ್ನೆಗೆ ಹಿರಿಯರ ಬಳಿ ನೇರ ಉತ್ತರವೂ ಇರಲಿಲ್ಲ.

ವಾಲಿಯಾದವನು ಕೊನೆಗೆ ತನ್ನ ಪ್ರಾಣವನ್ನೇ ತೆತ್ತು ಲೆಕ್ಕ ಚುಕ್ತಾ ಮಾಡುತ್ತಾನೆ. ಅದಕ್ಕೇ ಸಭೆ ಅವನಿಗೆ ತಲೆದೂಗುತ್ತದೆ. ಮೇಜಿನ ಮೇಲೆ ಬಿಲ್ಲೆ ತಳ್ಳುವ ಸೂತ್ರಧಾರನೂ ನೋಡಬೇಕಾದ್ದು ಇಷ್ಟೇ: ದೋಷ ಯಾರದು, ನಷ್ಟ ಯಾರಿಗೆ? ಎರಡೂ ಒಬ್ಬನದೇ ಆದರೆ ಬಿಲ್ಲೆ ಕೊಡಬಹುದು. ನಷ್ಟ ಪಕ್ಕದಲ್ಲಿ ಕುಳಿತವರದಾದರೆ, ಮೊದಲು ಅವರನ್ನು ಕೇಳಬೇಕು.