ನೋಡದಿದ್ದರೆ ಗೆಲ್ಲುವರೆ?

2023ನೆಯ ಇಸವಿಯ ನವೆಂಬರ್ 15ರಂದು ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ವಿಶ್ವಕಪ್ ಕ್ರಿಕೆಟ್ಟಿನ ಉಪಾಂತ್ಯ ಪಂದ್ಯ ನಡೆದು, ಭಾರತವು ನ್ಯೂಜಿಲೆಂಡನ್ನು 70 ರನ್ನುಗಳಿಂದ ಸೋಲಿಸಿತು. ಆ ಗೆಲುವಿನ ಬೆನ್ನಲ್ಲೇ ಪ್ರಸಿದ್ಧ ಚಿತ್ರನಟರಾದ ಅಮಿತಾಭ್ ಬಚ್ಚನ್ ಅವರು, ತಾವು ನೋಡದಿದ್ದಾಗ ನಾವು ಗೆಲ್ಲುತ್ತೇವೆಂಬ ಅರ್ಥದ ಒಂದು ಮಾತನ್ನು ಸಾಮಾಜಿಕ ಜಾಲತಾಣದಲ್ಲಿ ಬರೆದರು. ವಿನೋದಕ್ಕೆ ಬರೆದದ್ದೇ ಇರಬೇಕು. ಆದರೆ ಅದನ್ನು ಓದಿದ ಅನೇಕರು, 19ರ ಅಂತಿಮ ಪಂದ್ಯವನ್ನು ದಯವಿಟ್ಟು ನೋಡಬೇಡಿರೆಂದು ಅವರನ್ನು ಬೇಡಿಕೊಂಡರು. ಬೇಡಿಕೊಂಡವರೆಲ್ಲರೂ ವಿನೋದಕ್ಕೇ ಹಾಗೆ ಮಾಡಿದರೆಂದು ಹೇಳಲು ನಮಗೆ ಧೈರ್ಯ ಸಾಲದು.

ಏಕೆಂದರೆ, ಬೀದರಿನಿಂದ ಔರಾದಿಗೆ ಹೋಗುವ ದಾರಿಯಲ್ಲಿರುವ ನಮ್ಮ ಜನವಾಡದಲ್ಲಿಯೂ ಇಂಥ ನಂಬಿಕೆಯವರಿಗೆ ಬರವಿಲ್ಲ. “ಸರ್, ನಾ ಟಿ.ವಿ. ಮುಂದ ಕುಂತ್ರ ವಿಕೆಟ್ ಬೀಳ್ತಾವ್ರಿ” ಎಂದು ನಮ್ಮ ವಿದ್ಯಾರ್ಥಿಯೊಬ್ಬನು ಗಂಭೀರವಾಗಿಯೇ ಹೇಳಿದ್ದುಂಟು. ಆತನು ಆ ಸಲದ ಮುಖ್ಯ ಪಂದ್ಯಗಳನ್ನೆಲ್ಲ ವ್ರತದಂತೆ ಬಿಟ್ಟಿದ್ದನು. ಹೊಲದ ಬದುವಿನ ಮೇಲೆ ಕುಳಿತು, ಹಾದುಹೋಗುವವರನ್ನು ಸ್ಕೋರು ಕೇಳುತ್ತಿದ್ದನು. ಅಂತಿಮ ಪಂದ್ಯದ ದಿನ ಮಾತ್ರ ಮನಸ್ಸು ತಡೆಯದೆ ಚಹಾದಂಗಡಿಯ ಮುಂದೆ ಅರ್ಧ ಗಂಟೆ ನಿಂತುಬಿಟ್ಟನಂತೆ. ಭಾರತವು 240 ರನ್ನುಗಳಿಗೆ ಮುಗಿಯಿತು. ಆಸ್ಟ್ರೇಲಿಯಾ 43 ಓವರುಗಳಲ್ಲಿ, 6 ವಿಕೆಟ್ಟುಗಳು ಉಳಿದಿರುವಂತೆಯೇ ಗೆದ್ದಿತು. ಮರುದಿನ ತರಗತಿಯಲ್ಲಿ ಆ ಹುಡುಗನು ಅಪರಾಧಿಯಂತೆ ಕುಳಿತಿದ್ದನು. ನಗೆಯಾಡುವವರು ನಗೆಯಾಡಲಿ, ಹತ್ತೊಂಬತ್ತರ ಹುಡುಗನೊಬ್ಬನು ದೇಶದ ಸೋಲನ್ನು ತನ್ನ ಹೆಗಲ ಮೇಲೆ ಹೊತ್ತುಕೊಂಡು ಕುಳಿತದ್ದನ್ನು ನೋಡಿ ನಮಗೆ ನಗೆ ಬರಲಿಲ್ಲ.

ಆತನ ನಂಬಿಕೆ ಹುಟ್ಟಿದ ಬಗೆಯನ್ನು ಮೊದಲು ವಿಚಾರಿಸೋಣ. ಆ ವಿಶ್ವಕಪ್ಪಿನಲ್ಲಿ ಅಂತಿಮ ಪಂದ್ಯಕ್ಕೆ ಮುಂಚೆ ಭಾರತವು ಆಡಿದ 10 ಪಂದ್ಯಗಳನ್ನೂ ಗೆದ್ದಿತ್ತು. ಹೀಗಿರುವಲ್ಲಿ, ಅವುಗಳಲ್ಲಿ ಯಾವುದನ್ನು ಯಾರು ತಪ್ಪಿಸಿಕೊಂಡಿದ್ದರೂ ‘ನಾನು ನೋಡಲಿಲ್ಲ, ಗೆದ್ದರು’ ಎಂಬುದು ಸತ್ಯವೇ ಆಗುತ್ತಿತ್ತು! ‘ನಾನು ನೋಡಿದೆ, ಗೆದ್ದರು’ ಎಂಬುದೂ ಅಷ್ಟೇ ಸತ್ಯ. ಆದರೆ ಎರಡನೆಯ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಹಲವು ವರ್ಷಗಳ ‘ಅನುಭವ’ವುಳ್ಳವರ ಮಾತು. ಪಂದ್ಯದಲ್ಲಿ ಗೆಲ್ಲುವ ಸಂಭವ ಅರ್ಧವೆಂದೇ ಇಟ್ಟುಕೊಳ್ಳಿ. ಒಬ್ಬನು ತಪ್ಪಿಸಿಕೊಂಡ 5 ಪಂದ್ಯಗಳೂ ಗೆಲುವೇ ಆಗುವ ಸಂಭವ ಎರಡರಲ್ಲೊಂದರ ಐದನೆಯ ಘಾತ, ಅಂದರೆ 32ರಲ್ಲಿ 1. ಒಂದು ಕೋಟಿ ಜನರು ಬೇರೆ ಬೇರೆ 5 ಪಂದ್ಯಗಳನ್ನು ತಪ್ಪಿಸಿಕೊಂಡರೆಂದು ಭಾವಿಸಿದರೆ, ಅವರಲ್ಲಿ ಸುಮಾರು 3 ಲಕ್ಷ ಮಂದಿಗೆ ತಮ್ಮ ಗೈರುಹಾಜರಿಯೇ ಭಾರತದ ಬಲವೆಂದು ತೋರಲು ಪೂರ್ಣ ‘ಸಾಕ್ಷ್ಯ’ ದೊರೆಯುತ್ತದೆ. ಈ 3 ಲಕ್ಷದವರು ಬಾಯಿಬಿಟ್ಟು ಹೇಳುತ್ತಾರೆ. ಉಳಿದ 97 ಲಕ್ಷ ಮಂದಿಗೆ ಹೇಳುವಂಥದು ಏನೂ ಇರುವುದಿಲ್ಲ.

ಸಂಶಯವಿದ್ದವರು ಪರೀಕ್ಷಿಸಿ ನೋಡಬಹುದು. ಪ್ರತಿ ಪಂದ್ಯಕ್ಕೆ ಮುಂಚೆ ಒಂದು ರೂಪಾಯಿಯನ್ನು ಚಿಮ್ಮಿ, ತಲೆ ಬಿದ್ದರೆ ನೋಡುವುದು, ಬಾಲ ಬಿದ್ದರೆ ಬಿಡುವುದು. ಫಲಿತಾಂಶ ಬರುವುದಕ್ಕೆ ಮುಂಚೆಯೇ ಅದನ್ನು ಪುಸ್ತಕದಲ್ಲಿ ಬರೆದಿಡುವುದು. ನಾಣ್ಯವೇಕೆಂದರೆ, ಆಯ್ಕೆಯನ್ನು ನಮ್ಮ ಮನಸ್ಸಿಗೇ ಬಿಟ್ಟರೆ ಅದು ಕಠಿನವಾದ ಪಂದ್ಯಗಳನ್ನೇ ಆರಿಸಿ ಒಂದು ಕಡೆಗೆ ಹಾಕಿಬಿಡುತ್ತದೆ. ನಲವತ್ತು ಪಂದ್ಯಗಳಾದರೂ ಆಗದೆ ಪುಸ್ತಕವನ್ನು ತೆರೆಯಬಾರದು.

ಭೌತಶಾಸ್ತ್ರದ ದೃಷ್ಟಿಯಿಂದ ನೋಡಿದರಂತೂ ಈ ನಂಬಿಕೆಗೆ ನಿಲ್ಲಲು ನೆಲವೇ ಇಲ್ಲ. ಅಂತಿಮ ಪಂದ್ಯ ನಡೆದ ಅಹಮದಾಬಾದ್ ನಮ್ಮೂರಿಗೆ ನೇರ ಅಂತರದಲ್ಲಿ 750 ಕಿಲೋಮೀಟರಿಗೂ ಮಿಕ್ಕಿ ದೂರವಿದೆ. ಅಲ್ಲಿಯ ಚಿತ್ರವು ವಿದ್ಯುತ್ಕಾಂತ ತರಂಗವಾಗಿ ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಕೃತಕ ಉಪಗ್ರಹಕ್ಕೇರಿ ಮರಳಿ ಇಳಿಯುವಾಗ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ವೇಗದಲ್ಲಿಯೂ ಕಾಲು ಸೆಕೆಂಡಿನಷ್ಟು ಕಾಲ ಹಿಡಿಯುತ್ತದೆ. ಚಿತ್ರವನ್ನು ಅಂಕಿಗಳಾಗಿ ಅಡಕಗೊಳಿಸಿ, ಮತ್ತೆ ಬಿಡಿಸುವಷ್ಟರಲ್ಲಿ ಇನ್ನೂ ಕೆಲವು ಸೆಕೆಂಡುಗಳು ಕಳೆಯುತ್ತವೆ. ಅಂತರಜಾಲದ ಮೂಲಕ ಫೋನಿಗೆ ಬರುವಲ್ಲಿ ಇದಕ್ಕೂ ಹೆಚ್ಚು ತಡ. ಆದುದರಿಂದಲೇ ನಾವು ಫೋನಿನಲ್ಲಿ ನೋಡುತ್ತಿರುವಾಗ, ಬೌಲರನು ಇನ್ನೂ ಓಡಿಬರುತ್ತಿದ್ದಂತೆಯೇ, ಟಿ.ವಿ.ಯಿರುವ ಪಕ್ಕದ ಮನೆಯವರು “ಔಟ್!” ಎಂದು ಕೂಗುವುದು. ವೇಗದ ಬೌಲರನ ಚೆಂಡು ದಾಂಡಿಗನನ್ನು ಮುಟ್ಟಲು ಅರ್ಧ ಸೆಕೆಂಡು ಸಾಕು. ನಮ್ಮ ಕಣ್ಣಿಗೆ ಬಿದ್ದ ಚೆಂಡು ಎಂದೋ ವಿಕೆಟ್ ಕೀಪರನ ಕೈಸೇರಿ ಆಗಿದೆ. ಕಾರಣವು ಕಾರ್ಯಕ್ಕಿಂತ ಮುಂಚೆ ಇರಬೇಕಷ್ಟೆ? ‘ನೇರ ಪ್ರಸಾರ’ವೆಂಬುದು ಸ್ವಲ್ಪ ಹಳೆಯ ಸುದ್ದಿ; ಅದನ್ನು ನೋಡುವುದರಿಂದ ಬಿದ್ದ ವಿಕೆಟ್ ಏಳುವುದೂ ಇಲ್ಲ, ನಿಂತ ವಿಕೆಟ್ ಬೀಳುವುದೂ ಇಲ್ಲ.

ಕಾಲೇಜಿನ ಮೇಲ್ತರಗತಿಯ ಕೆಲವು ಜಾಣರು ಇಲ್ಲಿ ಹೈಸನ್‌ಬರ್ಗ್‌ನನ್ನು ಕರೆತರುತ್ತಾರೆ. ನೋಡುವುದರಿಂದಲೇ ವಸ್ತುವಿನ ಸ್ಥಿತಿ ಬದಲಾಗುತ್ತದೆಂದು ಕ್ವಾಂಟಂ ಸಿದ್ಧಾಂತ ಹೇಳುವುದಿಲ್ಲವೆ ಎಂಬುದು ಅವರ ವಾದ. ಆ ಸಿದ್ಧಾಂತದಲ್ಲಿ ‘ನೋಡುವುದು’ ಎಂದರೆ ಕಣ್ಣು ತೆರೆಯುವುದಲ್ಲ, ವಸ್ತುವಿನೊಡನೆ ಭೌತಿಕ ಸಂಪರ್ಕ ಮಾಡುವುದು. ಎಲೆಕ್ಟ್ರಾನಿಗೆ ಬೆಳಕಿನ ಒಂದು ಕಣ ತಾಗಿದರೂ ಅದು ದಿಕ್ಕು ತಪ್ಪುತ್ತದೆ. ಸುಮಾರು 160 ಗ್ರಾಂ ತೂಕದ ಕ್ರಿಕೆಟ್ ಚೆಂಡಿಗೆ ಕ್ರೀಡಾಂಗಣದ ದೀಪಗಳು ಎಷ್ಟು ಬೆಳಕು ಚೆಲ್ಲಿದರೂ ಅದು ಕದಲುವುದಿಲ್ಲ; ಜನವಾಡದಲ್ಲಿ ಒಬ್ಬನು ಫೋನನ್ನು ಮಗುಚಿ ಹಾಕಿದನೆಂದು ಆ ದೀಪಗಳೇನೂ ಆರುವುದಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಖಂಡನೆಯೇಕೆಂದು ಕೆಲವರು ಕೇಳಬಹುದು. ವಿಷಯ ಸಣ್ಣದಲ್ಲ. ಹೊಸ ಸೊಸೆ ಮನೆ ಹೊಕ್ಕ ವರ್ಷವೇ ಎತ್ತು ಸತ್ತರೆ, ಮಳೆ ಕೈಕೊಟ್ಟು ಸೋಯಾ ಒಣಗಿದರೆ, ‘ಆಕೆಯ ಕಾಲ್ಗುಣ’ ಎನ್ನುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. (ಅಳಿಯನ ಕಾಲ್ಗುಣದಿಂದ ಮಾವನ ಎತ್ತು ಸತ್ತಿತೆಂದು ನಾವು ಕೇಳಿಲ್ಲ.) ಎದುರಿಗೆ ಬಂದ ವಿಧವೆಯನ್ನು ಕಂಡು ಹೊರಟ ದಾರಿಯಿಂದ ಮರಳುವವರೂ ಇದ್ದಾರೆ. ಒಂದಾದ ಮೇಲೆ ಒಂದು ನಡೆದರೆ ಮೊದಲನೆಯದರಿಂದಲೇ ಎರಡನೆಯದಾಯಿತೆಂಬ ಅದೇ ತಪ್ಪು ತರ್ಕ, ಸ್ಮರಣೆಯ ಅದೇ ಪಕ್ಷಪಾತ. ನಮ್ಮ ವಿದ್ಯಾರ್ಥಿಯು ತನ್ನನ್ನೇ ದೂರಿಕೊಂಡನು. ಕಾಲ್ಗುಣ ನೋಡುವವರು ಬಾಯಿಲ್ಲದ ಇನ್ನೊಬ್ಬಳನ್ನು ದೂರುತ್ತಾರೆ. ಅವಳು ಆ ಮನೆಯಲ್ಲಿ ಬಾಳಬೇಕು. ಆಟದಲ್ಲಿ ಒಪ್ಪಿಕೊಂಡ ತರ್ಕವನ್ನು ಅಡುಗೆಮನೆಯಲ್ಲಿ ನಿರಾಕರಿಸುವುದು ಎಷ್ಟು ಮಂದಿಗೆ ಸಾಧ್ಯ?

ಹಾಗೆಂದು ಎಲ್ಲರೂ ಎಲ್ಲ ಪಂದ್ಯಗಳನ್ನೂ ನೋಡಲೇಬೇಕೆಂದು ನಾವು ಹೇಳುತ್ತಿಲ್ಲ. ಆ ಭಾನುವಾರ ನಾವೂ ನೋಡಲಿಲ್ಲ. ಆಟದ ಮೇಲೆ ನಮಗೆ ದ್ವೇಷವಿಲ್ಲ. ತಂಡದ ತರಬೇತಿದಾರರಾಗಿದ್ದ ದ್ರಾವಿಡರೂ, ಅಂದು 66 ರನ್ನು ಹೊಡೆದ ರಾಹುಲರೂ ನಮ್ಮ ಕರ್ನಾಟಕದವರೇ. ಗೆದ್ದಿದ್ದರೆ ನಮಗೂ ಸಂತೋಷವಾಗುತ್ತಿತ್ತು. ಆದರೆ ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತೂವರೆಯವರೆಗೆ ಒಂದೇ ಪೆಟ್ಟಿಗೆಯ ಮುಂದೆ ಕೂಡಬೇಕೆಂಬ ಆಸೆ ನಮ್ಮಲ್ಲಿ ಹುಟ್ಟಲಿಲ್ಲ. ಹುಟ್ಟದ ಆಸೆಯನ್ನು ಊರಿನ ಆಸೆಯೆಂದು ಎರವಲು ತರುವುದು ನಮಗೆ ಇಷ್ಟವಾಗಲಿಲ್ಲ. ಅಂದು ಅಂತರಜಾಲದ ಒಂದೇ ವೇದಿಕೆಯಲ್ಲಿ ಏಕಕಾಲಕ್ಕೆ 5 ಕೋಟಿ 90 ಲಕ್ಷ ವೀಕ್ಷಕರಿದ್ದರಂತೆ. ಅಷ್ಟು ಜನರ ನಡುವೆ ಒಬ್ಬರು ಎದ್ದುಹೋದರೆ ದೇಶಾಭಿಮಾನಕ್ಕೆ ಕೊರತೆಯಾಯಿತೆಂದು ನೆರೆಯವರು ಗೊಣಗಿದ್ದು ಮಾತ್ರ ವಿಚಿತ್ರವೆನಿಸಿತು.

ನಾವು ಒಂದು ದುರ್ಬೀನು ಹಿಡಿದು ಮಾಳಿಗೆ ಹತ್ತಿದೆವು. ಕಾರ್ತಿಕ ಶುದ್ಧ ಸಪ್ತಮಿ. ನೈಋತ್ಯದಲ್ಲಿ ಅರೆಚಂದ್ರ, ಅದರಿಂದ ತುಸು ಪೂರ್ವಕ್ಕೆ ಶನಿ. ಪೂರ್ವದಲ್ಲಿ ಮೇಲೇರುತ್ತಿದ್ದ ಗುರು ಅದೇ ತಿಂಗಳ 3ರಂದು ಸೂರ್ಯನಿಗೆ ನೇರ ಎದುರಿಗೆ ಬಂದಿದ್ದು, ಇನ್ನೂ ಬಹು ಉಜ್ವಲವಾಗಿತ್ತು. ಅದರ ಬೆಳಕು ನಮ್ಮನ್ನು ಮುಟ್ಟಲು ಆಗ ಸುಮಾರು 33 ನಿಮಿಷ ಹಿಡಿಯುತ್ತಿತ್ತು. ನಮ್ಮ ಪ್ರಸಾರವೂ ‘ನೇರ’ವಾಗಿರಲಿಲ್ಲವೆನ್ನಿ. ಒಂಬತ್ತೂವರೆಯ ಸುಮಾರಿಗೆ ಬೀದಿಯ ಸದ್ದು ಒಮ್ಮೆಲೇ ಅಡಗಿತು. ಫಲಿತಾಂಶವನ್ನು ಯಾರೂ ನಮಗೆ ಹೇಳಬೇಕಾಗಲಿಲ್ಲ.